ನಮಗೆ ಒಂದು ಮೊಳ ಬೆಳಕು ಸಾಕು

ಮೂರು ವರ್ಷದ ಹಿಂದಿನ ಶ್ರಾವಣ ಮಾಸ. ನನಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಮೊದಲ ಆಷಾಢವೆಂದು ಟೇಕಲ್ ಹತ್ತಿರದ ತವರಿನಲ್ಲಿ ಒಂದು ತಿಂಗಳು ಇದ್ದು, ಆಗಷ್ಟೇ ಕೋಲಾರದ ನಮ್ಮ ಬಾಡಿಗೆ ಮನೆಗೆ ವಾಪಸ್ ಬಂದಿದ್ದೆ.

ನಾನು ಒಂದು ಶಿಶುವಿಹಾರದಲ್ಲಿ ಟೀಚರ್. ನನ್ನ ಗಂಡ ರಮಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಏಳನೇ ವಯಸ್ಸಿನಲ್ಲಿ ಜೋರು ಜ್ವರ ಬಂದು ಇವರ ಎರಡೂ ಕಿವಿ ಕೇಳಿಸದೇ ಹೋದವು. ಅಷ್ಟರೊಳಗೆ ಮಾತು ಕಲಿತಿದ್ದರಿಂದ ಮಾತಾಡುತ್ತಾರೆ. ದನಿ ಸ್ವಲ್ಪ ಒರಟು, ಹೊಸಬರಿಗೆ ತಕ್ಷಣ ಅರ್ಥವಾಗುವುದಿಲ್ಲ. ಬೇರೆಯವರು ಹೇಳಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಇವರ ಊರು ರಾಯಲ್ಪಾಡು ಕಡೆ, ಮನೆಮಾತು ತೆಲುಗು. ಹಾಗಾಗಿ ತೆಲುಗು ತುಟಿ ಇವರಿಗೆ ಸಲೀಸು, ಕನ್ನಡದ ತುಟಿ ಸ್ವಲ್ಪ ಕಷ್ಟ. "ಬಳೆ" ಅಂದರೂ "ಮಳೆ" ಅಂದರೂ ತುಟಿ ಆಡುವುದು ಒಂದೇ ಥರ ಎಂಬುದು ನನಗೆ ಗೊತ್ತಾಗಿದ್ದೇ ಮದುವೆಯಾದ ಮೇಲೆ. ಅಂಥ ಕಡೆ ಕೈಸನ್ನೆ ಸೇರಿಸಿ ಹೇಳುತ್ತೇನೆ.

ಈ ಸಂಬಂಧ ಗೊತ್ತಾದಾಗ ನನ್ನ ಸೋದರತ್ತೆ ಎಲ್ಲರೆದುರು, "ಹಗಲೊತ್ತು ಹೆಂಗೋ ಆಯ್ತದೆ ಕಣೇ ವನಜಾ, ಕರೆಂಟ್ ಹೋದ್ರೆ ಏನ್ ಮಾಡ್ತೀಯ?" ಅಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಶ್ರಾವಣದ ಒಂದು ಸಂಜೆ ಕರೆಂಟ್ ಹೋಯಿತು. ಆ ದಿನ ಶಾಲೆಯಲ್ಲಿ ಒಂದು ಮಗು ಇನ್ನೊಂದು ಮಗುವಿನ ಕೈ ಕಚ್ಚಿ, ಪೋಷಕರು ಬಂದು ನನ್ನ ಮೇಲೆ ಕೂಗಾಡಿದ್ದರು. ಅದನ್ನೇ ಇವರ ಮುಂದೆ ಹೇಳಿಕೊಳ್ಳುತ್ತಿದ್ದೆ. ಕತ್ತಲಾದರೂ ನಾನು ಮಾತು ನಿಲ್ಲಿಸಲಿಲ್ಲ, ನಿಲ್ಲಿಸಬೇಕೆಂದು ಹೊಳೆಯಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, ಎದುರಿನಿಂದ "ಹೂಂ" ಕೂಡ ಬರುತ್ತಿಲ್ಲ ಎಂದು ಗಮನಕ್ಕೆ ಬಂತು.

ಮೊಬೈಲಿನ ಟಾರ್ಚ್ ಹಾಕಿದೆ. ಇವರ ಮುಖ ನನಗೆ ಕಂಡಿತು. ಆದರೆ ಕಾಣಬೇಕಾಗಿದ್ದು ನನ್ನ ಮುಖ, ಇವರಿಗೆ. ನನ್ನ ಕಡೆ ತಿರುಗಿಸಿಕೊಂಡರೆ ಕೈಸನ್ನೆಗೆ ಒಂದೇ ಕೈ ಉಳಿಯಿತು. ಫೋನನ್ನು ಇವರ ಕೈಗೇ ಕೊಟ್ಟೆ. ಆ ಬಿಳಿ ಬೆಳಕು ಕಣ್ಣು ಕುಕ್ಕಿ ನನ್ನ ಮುಖವೆಲ್ಲ ಸೊಟ್ಟಗಾಯಿತು. "ನಿನ್ನ ತುಟಿ ವಂಕರ ಆಗ್ತದೆ, ಗೊತ್ತಾಗಲ್ಲ" ಅಂದರು. ಕೊನೆಗೆ ಕಪಾಟಿನ ಮೇಲೆ ಒರಗಿಸಿಟ್ಟರೆ ಫೋನು ಜಾರಿ ಮಿಕ್ಸಿಯ ಹಿಂದೆ ಬಿತ್ತು. ಹೊರತೆಗೆದು ಆರಿಸಿಬಿಟ್ಟೆ.

ಆಗ ನಾನು ಮಾಡಿದ್ದನ್ನು ಇಲ್ಲಿಯವರೆಗೆ ತವರಿನಲ್ಲೂ ಹೇಳಿಕೊಂಡಿಲ್ಲ. ಹೇಗೂ ಇವರಿಗೆ ಕೇಳಿಸುವುದಿಲ್ಲ, ಕಾಣಿಸುವುದೂ ಇಲ್ಲ ಎಂಬ ಧೈರ್ಯದಿಂದ, ಕತ್ತಲಲ್ಲಿ ಇವರ ಎದುರೇ ಕೂತು ಜೋರಾಗಿ ಅಂದುಬಿಟ್ಟೆ: "ಸಾಕಾಗಿ ಹೋಯ್ತಪ್ಪ ನಂಗೆ. ಅತ್ತೆ ಹೇಳಿದ್ದೇ ಸರಿ. ಈ ಮನೇಲಿ ನಾನೊಬ್ಳೇ ಇದ್ದಂಗಿದೆ."

ಅಷ್ಟರಲ್ಲಿ ಇವರ ಕೈ ತಡಕಾಡುತ್ತಾ ಬಂದು ನನ್ನ ಕೆನ್ನೆಗೆ ತಾಗಿತು. ದವಡೆ ಆಡುತ್ತಿದ್ದುದು ಗೊತ್ತಾಗಿರಬೇಕು. ಕರೆಂಟ್ ಬಂದ ಕೂಡಲೇ, "ಏನಂದೆ?" ಎಂದು ಕೇಳಿದರು.

"ಏನಿಲ್ಲ, ರಾಗಿ ಹಿಟ್ಟು ಖಾಲಿ ಅಂದೆ" ಅಂತ ಸುಳ್ಳು ಹೇಳಿದೆ.

ಮಾರನೇ ದಿನ ಇವರು ಐದು ಕೆಜಿ ರಾಗಿ ಹಿಟ್ಟು ಹೊತ್ತು ತಂದರು. ಸುರಿಯಲೆಂದು ಡಬ್ಬ ತೆರೆದರೆ ಅದು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹಾಗೇ ಮುಚ್ಚಳ ಮುಚ್ಚಿದರು. ಆ ರಾತ್ರಿ ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ಗುರುವಾರ ಇವರಿಗೆ ಅರ್ಧ ದಿನ ರಜೆ ಸಿಕ್ಕಿತು, ಸಂಜೆ ಬಸ್ಸಿಗೆ ಇವರ ಊರಿಗೆ ಹೊರಡುವುದೆಂದು ತೀರ್ಮಾನವಾಯಿತು. ಶ್ರೀನಿವಾಸಪುರ ದಾಟುವಷ್ಟರಲ್ಲಿ ಕತ್ತಲಾಗುತ್ತದೆ, ಒಳಗಿನ ಲೈಟು ಆರಿಸಿಬಿಡುತ್ತಾರೆ. ಹೊರಡುವ ಮೊದಲು ಒಂದು ಪುಟ್ಟ ಟಾರ್ಚ್ ಕೊಳ್ಳೋಣ, ಯಾವಾಗಲೂ ಜೊತೆಯಲ್ಲಿ ಇಟ್ಟುಕೊಳ್ಳುವಂಥದ್ದು ಎಂದು ನಾನೇ ಹೇಳಿದೆ. ಇವರು ಅನುಮಾನದಿಂದ ತಲೆಯಾಡಿಸಿದರು.

ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು. ಯಜಮಾನರು ಅರವತ್ತು ದಾಟಿದ ಖಾದರ್ ಸಾಹೇಬರು. ಟಾರ್ಚ್ ಅಂದ ಕೂಡಲೇ ಮೊಳಕೈ ಉದ್ದದ್ದೊಂದನ್ನು ಕೌಂಟರಿನ ಮೇಲಿಟ್ಟರು.

"ಇದು ನೋಡಮ್ಮಾ, ಅರ್ಧ ಕಿಲೋಮೀಟ್ರು ಹೋಗ್ತದೆ ಲೈಟು. ತೋಪಿನ ಆ ಕಡೆ ನರಿ ನಿಂತಿದ್ರೂ ಕಾಣ್ತದೆ."

"ನಮಗೆ ಒಂದು ಮೊಳ ಸಾಕು ಸಾಹೇಬ್ರೇ" ಅಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಒಂದು ಮೊಳಕ್ಕೆ ಟಾರ್ಚ್ ಯಾಕಮ್ಮಾ?"

ವಿಷಯ ಹೇಳಿದೆ. ದೊಡ್ಡ ಟಾರ್ಚನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎಲ್ಲರ ಹಾಗೆ ನನ್ನನ್ನೇ, "ಅವರಿಗೆ ಬಿಳಿ ಲೈಟ್ ಬೇಕಂತಾ, ಹಳದೀದಾ ಕೇಳಮ್ಮಾ" ಅಂದರು. ಇವರಿಗೆ ಇದು ಅಭ್ಯಾಸ. ಹೋದ ಕಡೆಯೆಲ್ಲ ಇವರ ಪ್ರಶ್ನೆ ನನ್ನ ಹತ್ತಿರ ಬರುತ್ತದೆ, ಉತ್ತರವೂ ನನ್ನಿಂದಲೇ ಹೋಗುತ್ತದೆ.

"ಇಲ್ಲಿ ಬಿಸಿಲಲ್ಲಿ ನೋಡಿದ್ರೆ ಏನ್ ಗೊತ್ತಾಗ್ತದೆ? ಒಳಗೆ ಗೋಡೌನ್ ಇದೆ, ಕಿಟಕಿ ಇಲ್ಲ. ಅಲ್ಲಿ ಹೋಗಿ ಮಾತಾಡಿ ನೋಡ್ರಿ" ಎಂದು ಸಾಹೇಬರು ಐದಾರು ಸಣ್ಣ ಟಾರ್ಚುಗಳನ್ನು ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ಕೊಟ್ಟರು. ಮಧ್ಯಾಹ್ನ ಮೂರು ಗಂಟೆಗೆ ನಾವಿಬ್ಬರೂ ಫ್ಯಾನಿನ ಡಬ್ಬಗಳ ನಡುವೆ ಬಾಗಿಲು ಮುಚ್ಚಿಕೊಂಡು ಕತ್ತಲಲ್ಲಿ ನಿಂತೆವು.

ಮೊದಲನೆಯದನ್ನು ಗಲ್ಲದ ಕೆಳಗೆ ಹಿಡಿದು, "ಮಳೆ ಬರಂಗಿದೆ, ಬಟ್ಟೆ ತೆಗೀರಿ" ಅಂದೆ. ಇವರು ಎರಡು ಹೆಜ್ಜೆ ಹಿಂದೆ ಹೋದರು. "ದೆಯ್ಯಂ!" ಅಂದರು. ನಾನು ದೆವ್ವದ ಥರ ಕಂಡಿದ್ದೆನಂತೆ. ಎರಡನೆಯದರ ಬೆಳಕು ಎಷ್ಟು ಕಿರಿದೆಂದರೆ ನನ್ನ ಮೂಗು, ತುಟಿ ಅಷ್ಟೇ ಕಾಣುತ್ತಿತ್ತಂತೆ, ಕೈಸನ್ನೆ ಕಾಣಲೇ ಇಲ್ಲವಂತೆ. "ಬಳೆ ಯಾಕೆ ತೆಗೀಬೇಕು?" ಎಂದು ಕೇಳಿದರು. ಮೂರನೆಯದನ್ನು ಒತ್ತಿದರೆ ಪಕಪಕ ಮಿಣುಕತೊಡಗಿತು, ನಿಲ್ಲಿಸಲು ಇಬ್ಬರೂ ಗುದ್ದಾಡಿದೆವು. ನಾಲ್ಕನೆಯದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ತಲೆ ಮಡಚಬಹುದು, ಬೆನ್ನಿಗೆ ಪೆನ್ನಿನ ಹಾಗೆ ಕ್ಲಿಪ್ಪು. ಹಳದಿ ಬೆಳಕು. ಹಿತವಾಗಿತ್ತು, ಆದರೂ ಕಣ್ಣಿಗೆ ಚುಚ್ಚುತ್ತಿತ್ತು.

ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಜೇಬಿನ ಡೈರಿಯಿಂದ ಒಂದು ತುಂಡು ಬಟರ್ ಪೇಪರ್ ಹರಿದು, ಮಡಚಿ ಗಾಜಿನ ಮೇಲೆ ಸುತ್ತಿ, ನನ್ನ ಕೂದಲಿಂದ ರಬ್ಬರ್ ಬ್ಯಾಂಡ್ ಎಳೆದು ಬಿಗಿದರು. ಬೈಂಡಿಂಗ್ ಕೆಲಸದ ಬೆರಳುಗಳು, ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಟಾರ್ಚನ್ನು ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿ, ಅದರ ತಲೆಯನ್ನು ನನ್ನ ಕಡೆ ಬಗ್ಗಿಸಿದರು.

ಇಷ್ಟು ದಿನ ನಾನು ಮಾತಾಡುವವಳು, ಬೆಳಕು ನಾನೇ ಹಿಡಿಯಬೇಕು ಅಂದುಕೊಂಡಿದ್ದೆ. ಈಗ ಬೆಳಕು ಇವರ ಎದೆಯ ಮೇಲಿತ್ತು. ಕಣ್ಣು ಕುಕ್ಕಲಿಲ್ಲ. ನನ್ನ ಎರಡೂ ಕೈ ಖಾಲಿ, ಇವರ ಕೈಯೂ ಖಾಲಿ.

"ಈಗ ಹೇಳು" ಅಂದರು.

ಮಳೆ, ಬಟ್ಟೆ ಎಂದೇ ಹೇಳಬೇಕೆಂದಿದ್ದೆ. ಬಾಯಿಗೆ ಬಂದಿದ್ದು ಬೇರೆ. "ಆವತ್ತು ನಾನು ರಾಗಿ ಹಿಟ್ಟು ಅನ್ಲಿಲ್ಲ."

"ಗೊತ್ತು. ಡಬ್ಬದಲ್ಲಿ ಇತ್ತು."

ನಿಧಾನವಾಗಿ, ತುಟಿ ಬಿಡಿಸಿ, ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ. ಹೇಳುತ್ತಾ ಅಳು ಬಂತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. 

"ನಾನೂ ಬೈದೆ ಆವತ್ತು" ಅಂದರು.

"ನೀವಾ? ನನಗೆ ಕೇಳಿಸ್ಲೇ ಇಲ್ಲ?"

"ಬಾಯಲ್ಲಿ ಬೈದ್ರೆ ನಿನಗೆ ಕೇಳ್ತದಲ್ಲ. ಕೈಯಲ್ಲಿ ಬೈದೆ. ಕತ್ತಲಲ್ಲಿ ನಿನಗೇನು ಕಾಣ್ತದೆ?"

"ಏನಂತ ಬೈದ್ರಿ? ತೋರ್ಸಿ!"

ಬೆಳಕಿಗೆ ಕೈ ತಂದು ತೋರಿಸಿದರು. ಐದು ಬೆರಳು ಗಿಳಿಯ ಕೊಕ್ಕಿನ ಹಾಗೆ ಪಟಪಟ ಬಡಿದವು. ಅದು ನಾನು. ಆಮೇಲೆ ಎರಡೂ ಕೈ ಮೇಲೆತ್ತಿ, ದೇವರೇ ಇದನ್ನು ಹೇಗಾದರೂ ನಿಲ್ಲಿಸಪ್ಪಾ ಎಂಬಂತೆ ಮುಗಿದರು.

ನನಗೆ ಅಳುತ್ತಲೇ ನಗು ಬಂತು. ಇವರಿಗೂ ಬಂತು. ಇವರು ನಕ್ಕರೆ ತುಂಬಾ ಜೋರು, ಎಷ್ಟು ಜೋರೆಂದು ಇವರಿಗೆ ತಿಳಿಯುವುದಿಲ್ಲ. ಹೊರಗಿನಿಂದ ಸಾಹೇಬರು ಬಾಗಿಲು ತಟ್ಟಿ, "ಏನಮ್ಮಾ, ಫ್ಯಾನ್ ಡಬ್ಬ ಬಿತ್ತಾ?" ಎಂದು ಗಾಬರಿಯಿಂದ ಕೇಳಿದರು. ಕೆಂಪು ಕಣ್ಣು, ನಗುಮುಖ ಹೊತ್ತು ಹೊರಗೆ ಬಂದ ನಮ್ಮನ್ನು ನೋಡಿ, ಆ ನಾಲ್ಕನೆಯದಕ್ಕೆ ಬಿಲ್ ಬರೆದರು.

ಸಂಜೆ ಬಸ್ಸು ಹತ್ತಿದೆವು. ಶ್ರೀನಿವಾಸಪುರ ಬಿಟ್ಟ ಮೇಲೆ ಒಳಗಿನ ಲೈಟು ಆರಿತು. ಇವರು ಜೇಬಿನ ಟಾರ್ಚ್ ಹಚ್ಚಿದರು, ನಾನು ಮಾತು ಶುರು ಮಾಡಿದೆ. ಕಚ್ಚಿದ ಮಗುವಿನ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಪೂರ್ತಿ ಹೇಳಿದೆ. ಪಕ್ಕದ ಸೀಟಿನಲ್ಲಿ ಹಬ್ಬದ ಹೂವಿನ ಚೀಲ ಮಡಿಲಲ್ಲಿಟ್ಟುಕೊಂಡ ಒಬ್ಬ ಅಜ್ಜಿ ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, "ಏನಮ್ಮಣ್ಣೀ, ನಿಮ್ಮೆಜಮಾನ್ರು ಎದೆ ಮೇಲೆ ದೀಪ ಇಕ್ಕಂಡವ್ರೆ?" ಅಂದರು.

ಹೇಳಿದೆ. ಇನ್ನು "ಅಯ್ಯೋ ಪಾಪ" ಬರುತ್ತದೆ, ಆಮೇಲೆ ಹುಟ್ಟಿನಿಂದಲೇ ಹೀಗಾ, ಏನು ಕೆಲಸ, ಮಕ್ಕಳೆಷ್ಟು ಎಂದು ನನಗೆ ಪ್ರಶ್ನೆಗಳು ಬರುತ್ತವೆ ಎಂದು ಕಾದೆ.

ಅಜ್ಜಿ ನನ್ನನ್ನು ಏನೂ ಕೇಳಲಿಲ್ಲ. ಬಗ್ಗಿ ಇವರ ಮಂಡಿ ತಟ್ಟಿದರು. ಇವರು ಆ ಕಡೆ ತಿರುಗಿದಾಗ ಬೆಳಕೂ ತಿರುಗಿ ಅಜ್ಜಿಯ ಮುಖದ ಮೇಲೆ ಬಿತ್ತು. ಅಜ್ಜಿ ತೆಲುಗಿನಲ್ಲಿ ನೇರವಾಗಿ ಇವರನ್ನೇ ಕೇಳಿದರು: "ನಾಯನಾ, ನೀ ಪೆಂಡ್ಲಾಮು ಇಂತಸೇಪೂ ಏಮಿ ಚೆಪ್ತಾ ಉಂದಿ?"

ನಿನ್ನ ಹೆಂಡತಿ ಇಷ್ಟು ಹೊತ್ತು ಏನು ಹೇಳ್ತಾ ಇದ್ದಾಳೆ ಅಂತ. ನಾನು ಏನಂದೆ ಎಂದು ಜನ ಇವರನ್ನು ಕೇಳಿದ್ದು ನಾನು ಕಂಡ ಹಾಗೆ ಅದೇ ಮೊದಲು.

ಇವರು ಒಂದು ಗಳಿಗೆ ನನ್ನ ಕಡೆ ನೋಡಿ, ಬಸ್ಸಿಗೆಲ್ಲ ಕೇಳುವ ಹಾಗೆ, "ಅನ್ನೀ ಕಂಪ್ಲೇಂಟ್ಲೇ ಅವ್ವಾ!" ಅಂದರು. ಎಲ್ಲಾ ಬರೀ ದೂರುಗಳೇ ಅಜ್ಜಿ, ಅಂತ. ಹಿಂದಿನ ಸೀಟಿನವರು ನಕ್ಕರು, ಮುಂದಿನವರು ತಿರುಗಿ ನೋಡಿ ನಕ್ಕರು, ಕಂಡಕ್ಟರೂ ನಕ್ಕ.

ಅಲ್ಲಿಂದ ಅಜ್ಜಿ ಮತ್ತು ಇವರ ಮಾತು ನಿಲ್ಲಲೇ ಇಲ್ಲ. ಮಾವಿನ ಕಾಯಿ, ಟೊಮೇಟೊ ಸಸಿ, ಅಜ್ಜಿಯ ಸೊಸೆಯಂದಿರು, ಪುಸ್ತಕಕ್ಕೆ ಅಂಚು ಕಟ್ಟುವ ಬಗೆ. ನಡುವೆ ನಾನು ಎರಡು ಸಲ ಬಾಯಿ ತೆರೆದೆ. ಬೆಳಕು ನನ್ನ ಕಡೆ ಇರಲಿಲ್ಲ, ಯಾರೂ ಗಮನಿಸಲಿಲ್ಲ. ಕಿಟಕಿಗೆ ತಲೆಯೊರಗಿಸಿ, ಗಂಡನ ಒರಟು ದನಿ ಕೇಳುತ್ತಾ, ನಮ್ಮ ಸ್ಟಾಪ್ ಬರುವವರೆಗೂ ಸುಮ್ಮನೆ ಕೂತೆ. ಮಾತಾಡುವುದೇ ಕೆಲಸವಾದ ನಾನು ಅಷ್ಟು ಸಂತೋಷದಿಂದ ಯಾವತ್ತೂ ಸುಮ್ಮನೆ ಕೂತಿರಲಿಲ್ಲ.