ಮಾತಾಡಿದಷ್ಟೂ ಮೈಲಿ

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಧಕ್ಕೆ ಓದು ಬಿಟ್ಟವನನ್ನು ಕಂಡರೆ ಜನ ತಾವೇ ಒಂದು ಕಷ್ಟದ ಕತೆ ಕಟ್ಟಿಕೊಂಡು 'ಪಾಪ' ಎನ್ನುತ್ತಾರೆ, ನನಗೆ ಪಾಪ ಅನ್ನಿಸಿಕೊಳ್ಳುವುದು ಆಗಿಬರುವುದಿಲ್ಲ. ಆ ದಿನ ಮೇಷ್ಟ್ರು ಮೈಲಿಯನ್ನು ಕಿಲೋಮೀಟರಿಗೆ ಬದಲಿಸುವ ಲೆಕ್ಕ ಮಾಡಿಸುತ್ತಿದ್ದರು. ಕಿಟಕಿಯಾಚೆ ರೇಷ್ಮೆಗೂಡು ಹೇರಿಕೊಂಡ ಲಾರಿಯೊಂದು ಹೋಯಿತು. ನನ್ನ ಮನಸ್ಸು ಅದರ ಹಿಂದೆ ಹೋದದ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಹಾಗಾಗಿ ಮೈಲಿಗೆ ಎಷ್ಟು ಕಿಲೋಮೀಟರು ಎಂದು ಯಾರಾದರೂ ಕೇಳಿದರೆ ನಾನು ಗಾಡಿಯ ಹಾರನ್ ಒತ್ತಿ ಮುಂದೆ ಹೋಗುತ್ತೇನೆ.

ಈಗ ನನ್ನದು ಗೂಡು ಸಾಗಿಸುವ ಕೆಲಸ. ವಿರೂಪಾಕ್ಷಿಪುರ, ಕಲ್ಯ, ಸೋಲೂರು ಎಂದು ಸುತ್ತಿ, ರೈತರು ಬೆಳೆದ ಗೂಡನ್ನು ಟೆಂಪೊಗೆ ತುಂಬಿಕೊಂಡು ಹರಾಜು ಶುರುವಾಗುವ ಮುಂಚೆ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಬೇಕು. ಗೂಡು ತೆಂಗಿನಕಾಯಿಯ ಹಾಗೆ ಮೂಲೆಯಲ್ಲಿ ಕಾಯುತ್ತ ಕೂರುವ ಸರಕಲ್ಲ, ಅದರೊಳಗೆ ಜೀವ ಇದೆ. ಬಿಡಿಸುವ ದಿನ ಬಿಡಿಸಬೇಕು, ಮಾರುವ ದಿನ ಮಾರಬೇಕು. ತಡವಾದರೆ ದಿನದಿನಕ್ಕೂ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂದು, ರೈತನನ್ನೂ ನನ್ನನ್ನೂ ನೋಡಿ ನಗುತ್ತದೆ. ಆದ್ದರಿಂದ ಯಾರ ಮನೆಯಲ್ಲಿ ಯಾವತ್ತು ಗೂಡು ಬಿಡಿಸುತ್ತಾರೆ ಎಂಬುದು ನನಗೆ ಹಿಂದಿನ ದಿನವೇ ಗೊತ್ತಾಗಬೇಕು. ಮೊಬೈಲ್ ಬರುವ ಮುಂಚೆ ಈ ಸುದ್ದಿ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಬರುತ್ತಿತ್ತು, ಅರ್ಧ ದಾರಿಯಲ್ಲಿ ಊರಿನ ಹೆಸರು ಬದಲಾಗಿರುತ್ತಿತ್ತು.

ಮೊಬೈಲ್ ಬಂದ ಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮಾತಿಲ್ಲ, ಕತೆಯಿಲ್ಲ, ಬರೀ ಮಿಸ್ಡ್ ಕಾಲ್. ಒಂದು ಮಿಸ್ಡ್ ಕಾಲ್ ಬಂದರೆ ಗೂಡು ಬಿಡಿಸುತ್ತಿದ್ದೇವೆ, ನಾಳೆ ಬೆಳಗ್ಗೆ ಗಾಡಿ ತಾ ಎಂದು. ಎರಡು ಬಂದರೆ ಒಂದು ದಿನ ತಡಿ ಎಂದು. ಮೂರು ಬಂದರೆ ಏನೋ ಕೆಟ್ಟದಾಗಿದೆ, ಕೈಯಲ್ಲಿದ್ದುದನ್ನು ಬಿಟ್ಟು ಬಾ ಎಂದು. ಫೋನನ್ನು ಎತ್ತಬಾರದು, ಎತ್ತಿದರೆ ಆ ಕಡೆಯವರ ದುಡ್ಡು ಹೋಗುತ್ತದೆ, ಬೈಸಿಕೊಳ್ಳಬೇಕಾಗುತ್ತದೆ. ಮೂರು ತಾಲ್ಲೂಕಿನ ವ್ಯಾಪಾರವನ್ನು ನಾವು ಒಂದು ಮಾತೂ ಆಡದೆ ನಡೆಸುತ್ತಿದ್ದೆವು. ಫೋನ್ ಕಂಪನಿಯವರು ನಮ್ಮನ್ನು ನಂಬಿಕೊಂಡಿದ್ದರೆ ಟವರಿನ ಮೇಲೆ ಅವರೆಕಾಯಿ ಬಳ್ಳಿ ಹಬ್ಬಿಸಬೇಕಾಗಿತ್ತು.

ಹೀಗಿರುವಾಗ, ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ, ರಾಮನಗರದ ಬಸ್ ನಿಲ್ದಾಣದ ಎದುರು ಬಣ್ಣದ ಕೊಡೆಯೊಂದು ಬಿಚ್ಚಿಕೊಂಡಿತು. ಅದರ ಕೆಳಗೆ ಟೈ ಕಟ್ಟಿದ ಒಬ್ಬ ಏಜೆಂಟು. ಹೊಸ ಕಂಪನಿಯ ಸಿಮ್ ತೆಗೆದುಕೊಂಡರೆ, ಮಾತಾಡಿ ಬಿಲ್ ಕಟ್ಟಿದಷ್ಟಕ್ಕೂ ವಿಮಾನದ ಮೈಲಿ ಸಿಗುತ್ತದಂತೆ. ಮೈಲಿಗಳು ಕೂಡುತ್ತ ಕೂಡುತ್ತ ಹೋಗಿ ಒಂದು ದಿನ ಟಿಕೆಟ್ ಆಗುತ್ತವಂತೆ. ಜೊತೆಗೆ ಸೇರಿದ ಖುಷಿಗೆ ಒಂದಷ್ಟು ಮೈಲಿ ಮೊದಲೇ ಧರ್ಮಕ್ಕೆ.

"ಎಲ್ಲಿಗಪ್ಪ ಟಿಕೆಟ್ಟು?" ಎಂದು ಕೇಳಿದೆ.

"ಬೆಂಗಳೂರಿಂದ ಚೆನ್ನೈಗೆ ಹೋಗ್ಬೋದು ಸಾರ್."

ಈ ವಿಷಯ ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಜಯಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಮದ್ರಾಸಲ್ಲಿ ನಮಗೆ ಯಾರವ್ರೆ ಅಂತ ಹೋಗದು?"

"ಯಾರೂ ಇಲ್ಲ. ಹೋಗಿ ಇಳ್ದು, ಕಾಪಿ ಕುಡ್ದು ವಾಪಸ್ ಬರದು."

ಅವಳು ನಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು. ಅದಕ್ಕೆ ಕಾರಣ ನನ್ನ ಷಡ್ಡಕ, ಅಂದರೆ ಅವಳ ತಂಗಿಯ ಗಂಡ. ಅವನು ಕೆಟ್ಟವನಲ್ಲ. ಆದರೆ ಎಂತಹ ಮಾತನ್ನೂ 'ಮೊನ್ನೆ ಫ್ಲೈಟಲ್ಲಿ ಬರ್ತಾ ಇದ್ದೆ' ಎಂದೇ ಶುರು ಮಾಡುತ್ತಾನೆ. ಮದುವೆ ಮನೆಯಲ್ಲಿ ಹಪ್ಪಳ ಬಡಿಸಿದರೂ ಅವನಿಗೆ ವಿಮಾನದಲ್ಲಿ ಕೊಟ್ಟ ತಿಂಡಿಯ ನೆನಪಾಗುತ್ತದೆ. ಆಗೆಲ್ಲ ಜಯಮ್ಮ ನನ್ನ ಮುಖ ನೋಡುವುದಿಲ್ಲ, ನಾನು ಅವಳ ಮುಖ ನೋಡುವುದಿಲ್ಲ, ಇಬ್ಬರೂ ಪಾಯಸ ನೋಡುತ್ತೇವೆ. ಒಂದೇ ಒಂದು ಸಲ ಹಾರಿ ಬಂದರೆ ಸಾಕು, ಮುಂದಿನ ಮದುವೆಯಲ್ಲಿ ತಲೆಯೆತ್ತಿ ಊಟ ಮಾಡಬಹುದು ಎಂಬುದು ನಮ್ಮಿಬ್ಬರ ಆಸೆ.

ತೊಡಕು ಒಂದೇ. ಆಗ ಕಂಪನಿ ಬದಲಿಸಿದರೆ ನಂಬರೂ ಬದಲಾಗುತ್ತಿತ್ತು. ನನ್ನ ಹಳೆಯ ನಂಬರು ಬರೀ ಹತ್ತು ಅಂಕಿಯಲ್ಲ, ಅದೇ ನನ್ನ ಅನ್ನ. ಓದು ಬಾರದ ಮುದುಕಿಯರಿಗೂ ಗುಂಡಿ ಒತ್ತುವ ಬೆರಳಿನ ಅಭ್ಯಾಸದಲ್ಲೇ ಅದು ಬಾಯಿಪಾಠ. ಅದು ತಪ್ಪಿದ ದಿನ ಗೂಡು ಬೇರೆ ಯಾರದೋ ಗಾಡಿ ಹತ್ತುತ್ತದೆ. ಒಂದು ಕಡೆ ಹೆಂಡತಿಯ ವಿಮಾನ, ಇನ್ನೊಂದು ಕಡೆ ಇಪ್ಪತ್ತು ವರ್ಷ ದುಡಿದು ಸಂಪಾದಿಸಿದ ನಂಬಿಕೆ. ಯಾವುದನ್ನು ಬಿಡುವುದು?

ಯೋಚಿಸುತ್ತ ಕುಳಿತಾಗ ನನಗೊಂದು ವಿಚಾರ ಹೊಳೆಯಿತು. ನಮ್ಮಜ್ಜ ಹರದಾರಿ ಲೆಕ್ಕದಲ್ಲಿ ನಡೆದ, ಅಪ್ಪ ಮೈಲಿ ಲೆಕ್ಕದಲ್ಲಿ ಎತ್ತಿನ ಗಾಡಿ ಹೊಡೆದ, ನಾನು ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ ಸುಡುತ್ತಿದ್ದೇನೆ. ಆದರೆ ಇವೆಲ್ಲಕ್ಕಿಂತ ಹಳೆಯ ಅಳತೆಯೊಂದು ನಮ್ಮಲ್ಲಿದೆ, ಕೂಗಳತೆ. ಒಬ್ಬ ಇಲ್ಲಿ ನಿಂತು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಹೊಲ ಎಷ್ಟು ದೂರ ಅಂದರೆ ಒಂದು ಕೂಗಳತೆ. ಗಂಟಲನ್ನೇ ಟೇಪು ಮಾಡಿಕೊಂಡು ದಾರಿ ಅಳೆದ ಜನ ನಾವು. ಮಾತಾಡಿದಷ್ಟೂ ಮೈಲಿ ಎಂದು ಕಂಪನಿಯವನು ಹೊಸದಾಗಿ ಏನು ಕಂಡುಹಿಡಿದ? ನಮ್ಮ ಹಿರಿಯರದ್ದನ್ನೇ ಎತ್ತಿಕೊಂಡು ಅದಕ್ಕೆ ರೆಕ್ಕೆ ಹಚ್ಚಿದ್ದಾನೆ ಅಷ್ಟೆ. ಈ ಸಮಾಧಾನದಲ್ಲಿ ನಾನು ಸಿಮ್ ತೆಗೆದುಕೊಂಡು ಒಂದು ಎರವಲು ಫೋನಿಗೆ ಹಾಕಿಕೊಂಡೆ. ಒಂದು ತಿಂಗಳು ಎರಡೂ ಇರಲಿ, ಒಂದು ಅಂಗಿಯ ಜೇಬಿನಲ್ಲಿ, ಒಂದು ಪ್ಯಾಂಟಿನ ಜೇಬಿನಲ್ಲಿ. ಆಮೇಲೆ ಹಳೆಯದನ್ನು ಬಿಡೋಣ ಎಂದು ತೀರ್ಮಾನವಾಯಿತು.

ತೆಗೆದುಕೊಂಡ ಮೇಲೆ ಗೊತ್ತಾಯಿತು, ಮೈಲಿ ಬೇಕಾದರೆ ಮಾತಾಡಬೇಕು. ಮಾತಾಡುವುದು ಯಾರ ಹತ್ತಿರ? ಏನಂತ? ಮಾರುಕಟ್ಟೆಯಲ್ಲಿ ಎದುರಿಗೆ ಸಿಕ್ಕರೆ ಅರ್ಧ ದಿನ ಹರಟುವ ನನಗೆ, ಫೋನು ಕಿವಿಗಿಟ್ಟ ಕೂಡಲೇ ನಾಲಿಗೆ ಕಟ್ಟಿಕೊಳ್ಳುತ್ತಿತ್ತು. 'ಊಟ ಆಯ್ತಾ' ಎಂದ ಮೇಲೆ ಮುಂದಿನ ಮಾತು ಇಲ್ಲ. ಒಂದು ದಿನ ನೂಲು ತೆಗೆಯುವ ಗೆಳೆಯ ರಹಮತ್ ಸಾಬರಿಗೆ ಫೋನ್ ಮಾಡಿ, ಹವಾಮಾನ ಹೇಗಿದೆ ಎಂದು ಕೇಳಿದೆ. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲಿದೆ. "ಕಿಟ್ಕಿ ತೆಗ್ದು ನೋಡೋ ಮಾರಾಯ, ನಿಂಗೂ ನಂಗೂ ಒಂದೇ ಆಕಾಶ" ಎಂದು ಇಟ್ಟುಬಿಟ್ಟರು.

ಉಳಿದದ್ದು ಕಲ್ಯದಲ್ಲಿರುವ ನಮ್ಮಕ್ಕ. ಅಕ್ಕ ಬಾವ ಇಬ್ಬರೂ ಗೂಡು ಬೆಳೆಯುವವರು. ಹೊಸ ನಂಬರೂ ನಂದೇ ಎಂದು ಮೊದಲೇ ಹೇಳಿದ್ದೆ, ಬಾವ ಕೊನೆಯ ಎರಡು ಅಂಕಿ ಗುರುತಿಟ್ಟುಕೊಂಡಿದ್ದರು. ಒಂದು ಬೆಳಗ್ಗೆ ಅಕ್ಕನ ಹತ್ತಿರ ಧಾರಾಳವಾಗಿ ಮಾತಾಡೋಣ ಎಂದು ಕುಳಿತೆ. ಹಳೆಯ ನಂಬರಿಲ್ಲದೆ ಒಂದು ದಿನ ಹೇಗಿರುತ್ತದೆ ನೋಡೋಣ ಎಂದು ಅದನ್ನು ಆಫ್ ಮಾಡಿ ಬೀರುವಿನಲ್ಲಿಟ್ಟೆ. ಹೊಸ ಫೋನಿನಿಂದ ಅಕ್ಕನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಕೆಲಸದಲ್ಲಿರಬೇಕು ಎಂದುಕೊಂಡು ಮತ್ತೊಮ್ಮೆ ಮಾಡಿದೆ. ಆಮೇಲೆ ನಾಳೆ ಮಾತಾಡಿದರಾಯಿತು ಎಂದು ಸ್ನಾನಕ್ಕೆ ಹೋದೆ.

ಹನ್ನೊಂದು ಗಂಟೆಯ ಹೊತ್ತಿಗೆ ಮನೆ ಮುಂದೆ ಹಾಲಿನ ವ್ಯಾನೊಂದು ಬಂದು ನಿಂತಿತು. ಅದರಿಂದ ಅಕ್ಕ ಇಳಿದಳು, ಬಾವ ಇಳಿದರು, ಬಾವನ ತಾಯಿಯನ್ನು ಇಬ್ಬರೂ ಹಿಡಿದು ಇಳಿಸಿದರು. ಅಕ್ಕನ ಕಣ್ಣು ಊದಿತ್ತು. ನಾನು ಮುದ್ದೆ ಮುರಿಯುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಅಡುಗೆಮನೆಯಿಂದ ಬಂದ ಜಯಮ್ಮನನ್ನು ನೋಡಿದಳು.

"ಇಬ್ರೂ ನೆಟ್ಗವ್ರೆ" ಎಂದಳು ಅತ್ತೆಗೆ. ಆಮೇಲೆ ನನಗೆ: "ಯಾರಿಗ್ಲಾ ಏನಾಗೈತೆ?"

"ಯಾರ್ಗೂ ಏನೂ ಆಗಿಲ್ಲ ಕಣಕ್ಕ. ಯಾಕೆ?"

"ಮತ್ತೆ ಮೂರು ಸಲ ಬಡ್ಕಂಡ್ತಲ್ಲ ಪೋನು? ಹೊಸದ್ಕೆ ಮಾಡುದ್ರೆ ಎತ್ತೋರಿಲ್ಲ, ನಿನ್ ಹಳೇ ನಂಬರಿಗೆ ಮಾಡುದ್ರೆ ಆಪಾಗೈತೆ ಅಂತದೆ. ದಾರೀಲೆಲ್ಲ ಜೀವ ಕೈಲಿಡ್ಕಂಡು ಬಂದಿವ್ನಿ."

"ನಿನ್ನ ಹತ್ರ ಮಾತಾಡಾಣ ಅಂತ ಮಾಡ್ದೆ."

"ಏನು ಮಾತು?"

"ಏನಿಲ್ಲ. ಸುಮ್ನೆ."

ಅಕ್ಕ ಗೋಡೆಗೊರಗಿ ಕುಳಿತಳು. "ಸುಮ್ನೆ ಮಾತಾಡಕ್ಕೆ ಯಾವನಾದ್ರೂ ಪೋನ್ ಮಾಡ್ತಾನೇನ್ಲಾ?"

ನಾನು ಮೈಲಿಯ ವಿಷಯ ಬಿಡಿಸಿ ಹೇಳಿದೆ. ಬಾವ ಗಮನವಿಟ್ಟು ಕೇಳಿದರು. ಕೊನೆಗೆ, "ನೀನು ಇಲ್ಲಿ ಮಾತಾಡುದ್ರೆ ಅಲ್ಲಿ ವಿಮಾನ ಹಾರ್ತದೆ. ಆಯ್ತು. ನಾವು ಅಲ್ಲಿಂದ ಇಲ್ಗಂಟ ಬಂದೋ. ಇದ್ರದ್ದು ಎಷ್ಟು ಮೈಲಿ, ಯಾರ್ ಕೊಡ್ತಾರೆ, ಅದ್ನೊಸಿ ಕೇಳಪ್ಪ" ಎಂದರು. ಬಾವನ ತಾಯಿ ಮಾತ್ರ, ಇಷ್ಟು ದೂರ ಬಂದದ್ದಕ್ಕೆ ಯಾರಿಗಾದರೂ ಒಂದು ನೆಗಡಿಯಾದರೂ ಇರಬಾರದಿತ್ತೇ ಎಂಬ ಹಾಗೆ ಕುಳಿತಿದ್ದರು.

ಎಲ್ಲರೂ ನಕ್ಕು ಮುಗಿಯುವ ಹೊತ್ತಿಗೆ ಅಕ್ಕನ ಮುಖ ಮತ್ತೆ ಸಣ್ಣಗಾಯಿತು. ಅವತ್ತು ಅವರ ಮನೆಯಲ್ಲಿ ಗೂಡು ಬಿಡಿಸುವ ದಿನ. ಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳು ಸಾಲಾಗಿ ನಿಂತಿವೆ, ಕೂಲಿಗೆ ಹೇಳಿದ್ದ ಹೆಣ್ಣಾಳುಗಳನ್ನು 'ತಮ್ಮನಿಗೆ ಏನೋ ಆಗೈತೆ' ಎಂದು ವಾಪಸ್ ಕಳಿಸಿ ಬಂದಿದ್ದಾಳೆ. ಮಾರನೆಯ ದಿನದ ಹರಾಜು ತಪ್ಪಿದರೆ ಅದರ ಮರುದಿನ ಮಾರುಕಟ್ಟೆಗೆ ರಜೆ.

ನಾನು ಕೈ ತೊಳೆದು ಟೆಂಪೊ ತೆಗೆದೆ. ಜಯಮ್ಮ ಮುದ್ದೆಯ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಹತ್ತಿದಳು, ರಹಮತ್ ಸಾಬರ ಮನೆಯಿಂದಲೂ ಇಬ್ಬರು ಹೆಂಗಸರು ಬಂದರು. ಮಾಗಡಿ ರಸ್ತೆಯ ತಿರುವುಗಳಲ್ಲಿ ಹಿಂದೆ ಕುಳಿತವರ ನಗು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಕಲ್ಯ ಮುಟ್ಟಿದ ಮೇಲೆ ಎಲ್ಲರೂ ಚಂದ್ರಿಕೆ ಸುತ್ತ ಕುಳಿತು ಗೂಡು ಬಿಡಿಸತೊಡಗಿದೆವು. ಬೆರಳಿಗೆ ಕೆಲಸವಿದ್ದರೆ ಬಾಯಿಗೆ ಬಿಡುವು. ಎರಡು ವಾರ ನಾನು ಫೋನಿನಲ್ಲಿ ಹುಡುಕಿದರೂ ಸಿಗದ ಮಾತು ಅಲ್ಲಿ ಹೊಳೆಯಂತೆ ಹರಿಯಿತು. ಅಕ್ಕ ಬಾವನ ಗೊರಕೆಯನ್ನು ಅಣಕಿಸಿ ತೋರಿಸಿದಳು. ಜಯಮ್ಮ ನನ್ನ 'ಊಟ ಆಯ್ತಾ' ಫೋನುಗಳನ್ನು ಅಣಕಿಸಿದಳು. ಬಾವ ನಡುವೆ ಒಮ್ಮೆ, "ವಿಮಾನದಿಂದ ನಮ್ ಕಲ್ಯದ ಬೆಟ್ಟ ಕಾಣ್ತದಾ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಗೂಡೆಲ್ಲ ರಾಶಿಯಾಗಿ, ಬೆಳ್ಳಗೆ ಹೊಳೆಯುತ್ತಿತ್ತು.

ಬೆಳಗ್ಗೆ ಅಕ್ಕನ ಗೂಡನ್ನು ಮಾರುಕಟ್ಟೆಗೆ ತಂದು ಹಾಕಿದೆ, ಚೆನ್ನಾಗಿಯೇ ಹೋಯಿತು. ಆದರೆ ಪಕ್ಕದ ಸಾಲಿನಲ್ಲಿ ವಿರೂಪಾಕ್ಷಿಪುರದ ಸಿದ್ದೇಗೌಡರು ತಮ್ಮ ಗೂಡಿನ ಮುಂದೆ ನಿಂತಿದ್ದರು. ಅವರದ್ದು ಯಾವಾಗಲೂ ನನ್ನ ಗಾಡಿ. ಆ ದಿನ ಬೇರೆಯವನ ಗಾಡಿಯಲ್ಲಿ ಬಂದಿದ್ದರು.

"ಮಿಸ್ ಕಾಲ್ ಕೊಟ್ಟೆ ಕಣಪ್ಪ. ಆಪಾಗಿತ್ತು" ಎಂದರು. ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಗೌಡ್ರೆ, ಹೊಸ ನಂಬರ್ ತಗಂಡಿವ್ನಿ. ಕೊಡ್ತೀನಿ, ಬರ್ಕಳಿ."

ಅವರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ಹೇಳಿದರು: "ನಿನ್ ಹಳೇ ನಂಬರ್ ನಮ್ ಹುಳದ ಮನೆ ಗೋಡೆ ಮೇಲೆ ಮಸೀಲಿ ಬರ್ದಿವ್ನಿ. ಬೆಳೆ ಬೆಳೆಗೂ ಸುಣ್ಣ ಹೊಡೀಬೇಕಲ್ಲ, ಆಗ ಅದೊಂದಿಷ್ಟು ಜಾಗ ಬುಟ್ಟು ಹೊಡೀತೀನಿ. ನನ್ ಸೊಸೆ ದ್ಯಾವ್ರ ಪಟ ಅಂತ ರೇಗುಸ್ತಾಳೆ. ಈಗ ಅದ್ರ ಮೇಲೆ ಸುಣ್ಣ ಬಳ್ಯಾಣ್ವಾ, ಬ್ಯಾಡ್ವಾ? ನೀನೇ ಹೇಳು."

ಓದಿದವನಾಗಿದ್ದರೆ ಏನಾದರೂ ಚೆನ್ನಾದ ಉತ್ತರ ಕೊಡುತ್ತಿದ್ದೆನೇನೋ. "ಬ್ಯಾಡಿ ಗೌಡ್ರೆ" ಎಂದೆ.

ನೇರವಾಗಿ ಬಸ್ ನಿಲ್ದಾಣದ ಕೊಡೆಯ ಹತ್ತಿರ ಹೋಗಿ ಸಿಮ್ ವಾಪಸ್ ಕೊಟ್ಟೆ. ಏಜೆಂಟಿಗೆ ನಿಜವಾಗಿಯೂ ಬೇಸರವಾಯಿತು. "ಸಾರ್, ನಿಮ್ಮ ಮುನ್ನೂರು ಮೈಲಿ ಹೋಗಿಬಿಡುತ್ತೆ" ಎಂದ.

"ಮದ್ರಾಸಿಗೆ ಎಷ್ಟಪ್ಪ ಬೇಕಾಗಿತ್ತು?"

"ಅದು ಇನ್ನೂ ಸಾವಿರಗಟ್ಲೆ ಬೇಕು ಸಾರ್."

"ಮುನ್ನೂರು ಮೈಲಿ ನಾನು ವಾರದೊಳಗೆ ಓಡಿಸ್ತೀನಿ, ಬುಡು" ಎಂದೆ. ಅವನು ನಕ್ಕ. ನಾನೂ ನಕ್ಕೆ, ಆದರೆ ಮನೆಗೆ ಹೋಗುವಾಗ ಗಾಡಿ ನಿಧಾನವಾಗಿಯೇ ಓಡಿತು. ಜಯಮ್ಮನಿಗೆ ಏನು ಹೇಳುವುದು?

ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ನಿನ್ನೆ ನಿಮ್ಮಕ್ಕನ ಮನೇಲೇ ಅನ್ಕಂಡೆ, ನೀವು ಆ ಸಿಮ್ಮು ಮಡಿಕಳಲ್ಲ ಅಂತ" ಎಂದಳು. ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡುತ್ತ, "ಟಿಕೆಟ್ಟು ದುಡ್ಡಿಗೂ ಸಿಗ್ತದಂತಲ್ಲ. ದುಡಿಯೋರಿಗೆ ಧರ್ಮದ್ದು ಯಾಕೆ? ಮುಂದಿನ ಸಲ ಗೂಡಿಗೆ ಬಾಡಿಗೆ ಒಸಿ ಜಾಸ್ತಿ ಕೇಳಿ" ಎಂದಳು. ನಾನು ಓದು ಬಿಟ್ಟದ್ದಕ್ಕೆ ಪಾಪ ಎನ್ನದೆ ಇರುವವಳು ಅವಳೊಬ್ಬಳೇ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಆಮೇಲೆ ಕೊಂಡದ್ದೂ ಸೇರಿ ಟೆಂಪೊ ಎರಡು, ಮೊಬೈಲು ಒಂದು, ನಂಬರು ಒಂದು, ಅದು ಗೊತ್ತಿರುವ ಮನೆಗಳು ನಲವತ್ತು. ವಿಮಾನದ ಮೈಲಿ ಸೊನ್ನೆ. ಹೆಂಡತಿ ಒಬ್ಬಳು. ಕಿಟಕಿ ಪಕ್ಕದ ಸೀಟು ತನಗೇ ಬೇಕೆಂದು ಈಗಲೇ ಹೇಳಿಟ್ಟಿದ್ದಾಳೆ.