ದೇವರಿಗೆ ಕೂದಲು, ಕೋರ್ಟಿಗೆ ರಕ್ತ

ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇದ್ದ ಎಂದೇ ಬರೆಯುತ್ತೇನೆ. ಇದ್ದರು ಅನ್ನಿಸಿಕೊಳ್ಳುವಷ್ಟು ದೊಡ್ಡ ಮನುಷ್ಯ ಅವನಲ್ಲ. ದಂಡೋತಿಯ ತವರಿನಲ್ಲಿ ಮಗ ಹುಟ್ಟಿದ ಮೇಲೆ ನಮ್ಮನ್ನು ಕರೆದುಕೊಂಡು ಹೋಗಲು ಅವನು ಬರಲೇ ಇಲ್ಲ. ಕಾದು ಕಾದು ಚಿತ್ತಾಪುರದ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದೆ. ಕೂಸು ತನ್ನದಲ್ಲ ಎಂದು ಉತ್ತರ ಕೊಟ್ಟ. ನಾನು ಬಸುರಾದ ತಿಂಗಳು ಪೂರ್ತಿ ಅವನು ಮಳಖೇಡದಲ್ಲಿ ಮಷೀನು ರಿಪೇರಿ ಕೆಲಸದ ಮೇಲಿದ್ದನಂತೆ. ಮಳಖೇಡ ಎಲ್ಲೋ ಲಂಡನ್ನಿನ ಆಚೆ ಇದೆ ಅನ್ನುವ ಹಾಗೆ ಹೇಳಿದ. ಅಲ್ಲಿಂದ ದಿನಾ ಸಂಜೆ ರೈಲಿಗೆ ವಾಡಿಗೆ ಬಂದು, ನನ್ನ ಕೈಯ ರೊಟ್ಟಿ ಉಂಡು ಮಲಗಿ, ಬೆಳಿಗ್ಗೆ ಹೋಗುತ್ತಿದ್ದವನು.

ಮೊದಲು ಒಂದು ರಿಪೋರ್ಟ್ ತಂದ. ಮೊಬೈಲಿನಲ್ಲೇ ಆರ್ಡರ್ ಮಾಡಿ ತರಿಸಿಕೊಂಡ ಡಿಎನ್‌ಎ ಕಿಟ್ಟಿನದು. ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಗೆ ತಿಕ್ಕಿ ಕಳಿಸಿದರೆ ಅಪ್ಪ ಹೌದೋ ಅಲ್ಲವೋ ತಿಳಿಸುತ್ತಾರಂತೆ. ಅಲ್ಲ ಎಂದು ಬಂದಿತ್ತು. ಮಗನ ಮುಖವನ್ನೇ ನೋಡದವನು ಯಾರ ಮನೆಯ ಕೂಸಿನ ಕೆನ್ನೆ ತಿಕ್ಕಿ ಬಂದನೋ, ಪುಣ್ಯಾತ್ಮ. ನಮ್ಮ ವಕೀಲರು ಎದ್ದು ಅದನ್ನೇ ಕೇಳಿದರು: ಎಂಜಲು ಯಾರದು, ತೆಗೆದವರು ಯಾರು, ನೋಡಿದವರು ಯಾರು? ಅವನು ತನ್ನ ವಕೀಲರ ಮುಖ ನೋಡಿದ. ಜಡ್ಜ್ ಸಾಹೇಬರು ಆ ಹಾಳೆಯನ್ನು ಬದಿಗೆ ಸರಿಸಿದರು. ಹೋದ ಮರ್ಯಾದೆ ತಂದುಕೊಳ್ಳಲು, ಹಾಗಾದರೆ ಕೋರ್ಟಿನ ಮೂಲಕವೇ ಪರೀಕ್ಷೆ ಆಗಲಿ ಎಂದು ಅವನೇ ಅರ್ಜಿ ಹಾಕಿದ. ನಾನು ಹೆದರಿ ಹಿಂದೆ ಸರಿಯುತ್ತೇನೆ ಅಂದುಕೊಂಡಿದ್ದ. ನಾನು ನಿಂತಲ್ಲೇ ಒಪ್ಪಿದೆ. ಅಂದಿನಿಂದ ಅವನಿಗೆ ರಜೆ ಸಿಗದಾಯಿತು. ರಕ್ತ ಕೊಡುವ ತಾರೀಖು ಹತ್ತಿರ ಬಂದಾಗಲೆಲ್ಲ ಜ್ವರ ಬರತೊಡಗಿತು.

ಈ ನಡುವೆ ನಮ್ಮ ಅತ್ತೆಗೆ ಮೊಣಕಾಲು ಹಿಡಿಯಿತು. ಯಾವ ಔಷಧಿಗೂ ಬಗ್ಗಲಿಲ್ಲ. ಸೇಡಂ ಕಡೆ ದೇವರ ಹೇಳಿಕೆ ಹೇಳುವವಳೊಬ್ಬಳನ್ನು ಕೇಳಿದರೆ, ಮನೆಯ ಗಂಡು ಕೂಸಿನ ಜವಳ ಬಾಕಿ ಇದೆ, ದೇವರು ಮುನಿದಿದೆ ಅಂದಳಂತೆ. ಜವಳವೆಂದರೆ ಕೂಸಿನ ಮೊದಲ ಕೂದಲು. ನಮ್ಮಲ್ಲಿ ಅದನ್ನು ಅಪ್ಪನ ಮನೆದೇವರ ಮುಂದೆಯೇ ತೆಗೆಸಬೇಕು. ಬೇರೆ ಮನೆಯ ಕೂಸಿನ ಕೂದಲು ಆ ದೇವರಿಗೆ ಸಲ್ಲುವುದಿಲ್ಲ. ಆ ಮನೆಯಲ್ಲಿ ನನ್ನ ಮಗನನ್ನು ಬಿಟ್ಟರೆ ಗಂಡು ಕೂಸೇ ಇರಲಿಲ್ಲ. ಶಹಾಬಾದಿನಲ್ಲಿರುವ ಅತ್ತೆಯ ತಂಗಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಸೆರಗು ಸರಿಮಾಡಿಕೊಳ್ಳುತ್ತ ಕುಳಿತಳು.

"ಕೇಸು ಅದರ ಪಾಡಿಗಿ ಅದು ನಡೀಲಿ ಬಿಡವ್ವಾ. ಕೂಸಿನ ಒಂದಿನ ಕಳಸು. ಜವಳಾ ತೆಗಿಸಿ ಹೊಳ್ಳಿ ತಂದು ಬಿಡ್ತೀವಿ. ದೇವ್ರಿಗಿ ಯಾಕ ಮೋಸಾ ಮಾಡಬೇಕು?"

"ಹಂಗಾರ ಕೂಸು ಯಾರ್ದಂತ ನಿಮ್ಮ ದೇವ್ರಿಗಿ ಗೊತ್ತದ ಏನ್ರಿ?" ಅಂದೆ.

"ದೇವ್ರಿಗಿ ಗೊತ್ತಿರಲ್ದೆ ಇರ್ತದೇನು?"

"ಮತ್ತ ಆ ದೇವ್ರಿಗೇ ಕೋರ್ಟಿನ್ಯಾಗ ಸಾಕ್ಷಿ ಹೇಳ್ಲಿಕ್ಕ ಕಳಸ್ರಿ."

ಚಹಾ ಕೂಡ ಕೊಡದೆ ಕಳಿಸಿದೆ. ಕೋರ್ಟಿಗೆ ಸುಳ್ಳು ಹೇಳಬಹುದು, ದೇವರಿಗೆ ಮಾತ್ರ ಹೇಳಬಾರದು ಎಂಬ ಅವರ ಭಕ್ತಿ ಕಂಡು ಹೇಸಿಗೆಯಾಯಿತು. ವಕೀಲರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಕೋರ್ಟಿಗಿ ಕೂದಲಾ ನಡಿಯಲ್ಲವ್ವಾ, ರಕ್ತಾನೇ ಬೇಕು" ಅಂದರು.

ಕೊನೆಗೆ ಕೋರ್ಟು ಗದರಿಸಿದ ಮೇಲೆ ಅವನ ಜ್ವರ ಬಿಟ್ಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಆಧಾರ್ ಕಾರ್ಡ್ ನೋಡಿ, ಫೋಟೋ ಹಚ್ಚಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಎಲ್ಲರ ಕಣ್ಣೆದುರೇ ರಕ್ತ ತೆಗೆದು ಅರಗಿನ ಮುದ್ರೆ ಹಾಕಿದರು. ಸೂಜಿ ಕಂಡು ಕೂಸು ಅತ್ತಿತು. ಅವನೂ ಕಣ್ಣು ಮುಚ್ಚಿ ಮುಖ ತಿರುಗಿಸಿಕೊಂಡ. ಹೆಂಡತಿಯ ಮೇಲೆ ಹಾದರದ ಮಾತು ಹೊರಿಸುವಾಗ ಇದ್ದ ಧೈರ್ಯ ಒಂದು ಸೂಜಿಯ ಮುಂದೆ ಇರಲಿಲ್ಲ. ನನ್ನ ಅವ್ವ ಕೂಸನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೊದಲ ತಾರೀಖಿನಿಂದಲೂ ನನ್ನ ಜೊತೆ ಬಸ್ಸು ಹತ್ತಿದವಳು ಅವಳೊಬ್ಬಳೇ.

ಎಷ್ಟೋ ತಿಂಗಳ ಮೇಲೆ ವರದಿ ಬಂತು. ಅಪ್ಪ ಅವನೇ. ಜಡ್ಜ್ ಸಾಹೇಬರು ಓದುವಾಗ ಅವನ ಕಡೆ ನೋಡಿದೆ. ಮೇಲೆ ತಿರುಗುವ ಫ್ಯಾನು ನೋಡುತ್ತ ನಿಂತಿದ್ದ. ಹೊರಗೆ ಬಂದಾಗ ಅತ್ತೆ ಕುಂಟುತ್ತ ಬಂದು ಕೂಸಿನ ಗಲ್ಲಕ್ಕೆ ಕೈ ಚಾಚಿದಳು.

"ನನಗ ಮೊದ್ಲೇ ಗೊತ್ತಿತ್ತು. ಮೂಗು ಥೇಟ್ ನಮ್ಮ ಮನೀದೇ ಅದ," ಅಂದಳು.

ನಾಚಿಕೆ ಅನ್ನುವುದು ಅವಳ ಹತ್ತಿರವೂ ಸುಳಿದಿರಲಿಲ್ಲ. "ಗೊತ್ತಿದ್ದೂ ಸುಮ್ನ ಇದ್ರಿ. ಈಗೂ ಸುಮ್ನ ಇರ್ರಿ," ಎಂದು ಕೂಸನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಖುಷಿಗೆ ಇರಬೇಕೆಂದು ಬೆನ್ನ ಮೇಲೆ ಕೈ ಇಟ್ಟೆ.

"ಇವತ್ತು ನಿದ್ದಿ ಹತ್ತತದ ನೋಡವ್ವಾ," ಅಂದಳು. "ಕೇಸು ಆದಾಗಿಂದ ಒಂದೇ ಬೇಡ್ಕೊಳ್ಳಿಕತ್ತಿದ್ದೆ, ಕೂಸು ಅವಂದೇ ಇರ್ಲಿ ದೇವ್ರೇ ಅಂತ."

ನಾನು ಕೈ ತೆಗೆದೆ. ನನ್ನ ಮೇಲೆ ಸುಳ್ಳು ಹೊರಿಸಿದ ಆ ಮನೆಯಲ್ಲಿ ಯಾರೊಬ್ಬರಿಗೂ ನನ್ನ ಬಗ್ಗೆ ಅನುಮಾನ ಇರಲಿಲ್ಲ. ಇದ್ದದ್ದು ನನ್ನ ಅವ್ವನಿಗೆ.