ಪಾಲಿಶ್ ಮೇಸ್ತ್ರಿ ಉಜ್ಜದೆ ಕಳಿಸಿದ ಕಾರು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನೀರಿನಲ್ಲಿ ನೆನೆಸಿದ ಉಪ್ಪು ಕಾಗದ ಹಿಡಿದು ವರ್ಷಗಟ್ಟಲೆ ಕಾರುಗಳ ಮೈ ತೀಡಿ ತೀಡಿ, ಬೆರಳ ತುದಿ ಹುಣಸೆ ಬೀಜದಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ತಿಂಗಳಿಗೊಮ್ಮೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಆಕೆಯ ಬೆರಳು ಒತ್ತಿಸಿ ಅಕ್ಕಿ ತರುತ್ತಿದ್ದರು.

ಚನ್ನಪಟ್ಟಣದಲ್ಲಿ ಮೈಸೂರು ರಸ್ತೆಯ ಪಕ್ಕಕ್ಕೆ ಅವರದೊಂದು ತಗಡಿನ ಶೆಡ್ಡು. ಬೋರ್ಡಿನಲ್ಲಿ ಕಾರ್ ಡೀಟೇಲಿಂಗ್ ಎಂದಿದ್ದರೂ ಊರವರಿಗೆಲ್ಲ ಅವರು ಪಾಲಿಶ್ ಮೇಸ್ತ್ರಿ. ಗೀರು ಬಿದ್ದು ಮಂಕಾದ ಬಣ್ಣವನ್ನು ಹದವಾಗಿ ತೀಡಿ ಮತ್ತೆ ಹೊಳೆಯುವಂತೆ ಮಾಡುವುದು ಅವರ ಕಸುಬು. ಕಾರಿನ ಹತ್ತಿರ ಹೋಗುವ ಮುಂಚೆ ಬೆಲ್ಟು ಬಿಚ್ಚಬೇಕು, ಉಂಗುರ ತೆಗೆಯಬೇಕು, ಜೇಬಿನ ಬೀಗದ ಕೈ ಹೊರಗಿಡಬೇಕು. ನನಗೆ ಮೊದಲ ದಿನವೇ, "ಮೇಡಮ್ಮೋರೆ, ಬಳೆ ಒಸಿ ಮ್ಯಾಕೆ ಏರ್ಸ್ಕಳಿ" ಎಂದಿದ್ದರು.

ಅವರ ಮುಖದಲ್ಲಿ ಸದಾ ಒಂದು ಹೇವರಿಕೆ. ಯಾವ ಕಾರು ಬಂದರೂ ಸುತ್ತ ಒಂದು ಸಲ ನಡೆದು, ಹೊರಗೆ ಹೋಗಿ ಥೂ ಎಂದು ಉಗಿದು ಬರುತ್ತಿದ್ದರು. ಆಯುಧಪೂಜೆ ಮುಗಿದ ವಾರವಂತೂ ಕೇಳಲೇಬೇಡಿ. ಒಣಗಿದ ವಿಭೂತಿಯನ್ನು ತೆಂಗಿನ ನಾರಿನಿಂದ ಕೆರೆದು, ಬಾನೆಟ್ ಹಾಳು ಮಾಡಿಕೊಂಡು ಬಂದವರಿಗೆ ಎದುರೆದುರೇ ಮಂಗಳಾರತಿ ಆಗುತ್ತಿತ್ತು. "ಬಣ್ಣ ಅಂದ್ರೆ ಚರ್ಮ ಕಣ್ರೀ. ಒಸಿ ತೆಗುದ್ರೆ ಶೈನಿಂಗು ಬತ್ತದೆ, ಜಾಸ್ತಿ ತೆಗುದ್ರೆ ತಗಡು ಬತ್ತದೆ. ನಿಮ್ ಮೈಯ್ಯ ಇಂಗೇ ಉಜ್ಕತೀರಾ?" ಬೈಸಿಕೊಂಡವರೇ ಮುಂದಿನ ವರ್ಷ ಮತ್ತೆ ಬರುತ್ತಿದ್ದರು.

ನಾನು ಅಕ್ಕೂರಿನ ಕಡೆ ಶಾಲೆಯೊಂದರಲ್ಲಿ ಟೀಚರು. ಕಪ್ಪು ಬಣ್ಣದ ಕಾರು ಕೊಂಡು ಎರಡು ವರ್ಷವಾಗಿತ್ತು. ನಮ್ಮ ಬೀದಿಯ ಕಾರುಗಳನ್ನೆಲ್ಲ ತೊಳೆಯುತ್ತಿದ್ದವರು ದೊಡ್ಡಮಳೂರಿನಿಂದ ಸೈಕಲ್ಲಿನಲ್ಲಿ ಬರುವ ಒಬ್ಬ ವಯಸ್ಸಾದವರು. ಆರಡಿ ಎತ್ತರ, ಮಾತು ಕಡಿಮೆ. ಒಂದು ಭಾನುವಾರ ಬಿಸಿಲಿನಲ್ಲಿ ನೋಡುತ್ತೇನೆ, ಕಾರಿನ ಮೈತುಂಬ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು. ನೆತ್ತಿಗೆ ಸಿಟ್ಟೇರಿತು. ಬೀದಿಯ ನಡುವೆ ನಿಲ್ಲಿಸಿ, "ನಾರು ಹಾಕಿ ಉಜ್ಜಿದೀಯಾ? ಇದೇನು ನಿನ್ನ ಮನೆ ಪಾತ್ರೆನಾ?" ಎಂದು ಕೂಗಾಡಿದೆ. ನನ್ನ ತಂದೆಯ ವಯಸ್ಸಿನವರನ್ನು ಏಕವಚನದಲ್ಲಿ ಬೈದೆ. ಅವರು, "ನಾನಲ್ಲ ಕಣವ್ವಾ" ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದರು. ಅದೇ ವಾರ ಬೀದಿಯ ಉಳಿದ ಮನೆಯವರೂ ಅವರನ್ನು ಕೆಲಸದಿಂದ ಬಿಡಿಸಿದರು.

ಕಾರನ್ನು ಮೇಸ್ತ್ರಿಯ ಬಳಿ ತಂದೆ. ನಡೆದದ್ದನ್ನೆಲ್ಲ ಹೇಳಿಕೊಂಡೆ, ಏನೋ ಘನಕಾರ್ಯ ಮಾಡಿದವಳ ಹಾಗೆ. ಅವರು ಶಟರ್ ಎಳೆದು, ಕೈದೀಪ ಹಚ್ಚಿ, ಕಾರಿನ ಚಾವಣಿಯನ್ನು ಬಹಳ ಹೊತ್ತು ನೋಡಿದರು.

"ಆವಯ್ಯ ಎಷ್ಟು ಎತ್ರ ಅವ್ರೆ?"

"ನಿಮಗಿಂತ ಎತ್ತರ."

"ಒಸಿ ಇಲ್ ಬನ್ನಿ. ಕಾರ್ ಒರ್ಸೋವಂಗೆ ಕೈ ಚಾಚಿ."

ಚಾಚಿದೆ. ನಾನು ಕುಳ್ಳಿ. ಬೆರಳ ತುದಿ ಎಲ್ಲಿಗೆ ಮುಟ್ಟಿತೋ ಗೀರುಗಳೂ ಸರಿಯಾಗಿ ಅಲ್ಲಿಗೇ ನಿಂತಿದ್ದವು. ಅದರಾಚೆ ನಟ್ಟನಡುವಿನ ಪಟ್ಟಿಯಲ್ಲಿ ಒಂದು ಗೆರೆಯೂ ಇರಲಿಲ್ಲ.

"ಆವಯ್ಯ ಉಜ್ಜಿದ್ರೆ ನಡ್‌ಮಧ್ಯನೂ ಗೀರಿರ್ಬೇಕಿತ್ತು. ಇದು ನಿಮ್ ಕೈ. ದೂಳ ಒಣಬಟ್ಟೇಲಿ ಒರುಸ್ತೀರಾ?"

ಒರೆಸುತ್ತಿದ್ದೆ. ಜಲ್ಲಿ ಲಾರಿಗಳ ಹಿಂದೆ ಓಡಿ ಬಂದ ಕಾರನ್ನು ದಿನಾ ಶಾಲೆಯ ಮುಂದೆ ಹಳೇ ಸೀರೆಯ ತುಂಡಿನಿಂದ ಗಸಗಸ ಒರೆಸುತ್ತಿದ್ದೆ, ಚೊಕ್ಕಟವೆಂದು ಬೀಗುತ್ತಿದ್ದೆ. "ಆಯಿತು, ಸರಿ ಮಾಡಿಕೊಡಿ" ಎಂದೆ.

ಮೇಸ್ತ್ರಿ ದೀಪ ಆರಿಸಿದರು. "ಇವತ್ ಉಜ್ಬುಟ್ರೆ ಆವಯ್ಯ ತಪ್ ಮಾಡಿಲ್ಲ ಅನ್ನಕ್ಕೆ ಏನೂ ಉಳ್ಯಕಿಲ್ಲ. ಇಂಗೇ ತಕಂಡೋಗಿ. ಆವಯ್ಯನ್ನೂ ಕರ್ಸಿ, ಬೀದಿಯೋರ್ನೂ ಕರ್ದು ತೋರ್ಸಿ. ಆಮ್ಯಾಕೆ ತನ್ನಿ, ಒಂದ್ ಗೆರೆ ಇಲ್ದಂಗೆ ಮಾಡ್ಕೊಡ್ತೀನಿ." ನಾನು ಎಷ್ಟು ಹೇಳಿದರೂ ಪಾಲಿಶ್ ಯಂತ್ರ ಮುಟ್ಟಲಿಲ್ಲ.

ಮನೆಗೆ ಬಂದರೆ ಪಕ್ಕದ ಮನೆಯಾಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಕರೆದು ತೋರಿಸುವುದಕ್ಕೆ ಹತ್ತು ಹೆಜ್ಜೆ ಸಾಕಿತ್ತು. ನಾಳೆ ಎಂದುಕೊಂಡೆ. ನಾಳೆ ಎಂದು ಎಂಟು ದಿನ ಕಳೆದು, ಕಾರನ್ನು ರಾಮನಗರದ ಬೇರೊಂದು ಅಂಗಡಿಗೆ ಕೊಟ್ಟು, ಒಂದೇ ದಿನದಲ್ಲಿ ಕನ್ನಡಿಯಂತೆ ಮಾಡಿಸಿ ತಂದೆ. "ಆವಯ್ಯ ಹಾಳ್ಮಾಡಿದ್ದು ಒಂಚೂರೂ ಕಾಣಾಕಿಲ್ಲ" ಎಂದರು ಪಕ್ಕದ ಮನೆಯಾಕೆ. ನಾನು ಹೂಂ ಎಂದೆ. ಆ ಹೂಂ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ ಹುಟ್ಟುತ್ತದೆ.

ತಿಂಗಳ ನಂತರ ಪೆಟ್ರೋಲ್ ಬಂಕಿನಲ್ಲಿ ಮೇಸ್ತ್ರಿ ಎದುರಾದರು. ಹತ್ತಿರ ಬಂದು ಬಾನೆಟ್ ಮೇಲೆ ಅಂಗೈಯ ಹಿಂಭಾಗ ಸವರಿದರು. ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. "ಗೀರ ಚೆನ್ನಾಗ್ ಅಳ್ಸವ್ರೆ" ಎಂದರು. ಉಗಿಯಲಿಲ್ಲ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ಕೇಳಿ ಹೋದಾಗ ಅವರನ್ನು ಶೆಡ್ಡಿನ ಮುಂದೆಯೇ ಮಲಗಿಸಿದ್ದರು. ಊರಿನ ಅರ್ಧ ಕಾರುಗಳು ರಸ್ತೆಯ ಬದಿಗೆ ನಿಂತಿದ್ದವು. ನಾನು ನನ್ನ ಕಾರನ್ನು ದೂರದಲ್ಲೇ ಬಿಟ್ಟು ನಡೆದು ಹೋಗಿ ಕೈಮುಗಿದು ಬಂದೆ.

ಮರು ಭಾನುವಾರ ಬೀದಿಯವರನ್ನು ಕರೆದೆ. ಕಾರು ತೊಳೆಯುತ್ತಿದ್ದವರು ಅಷ್ಟರಲ್ಲಿ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿದ್ದರು. ಹೇಳಿ ಕಳಿಸಿದರೂ ಬರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಗೀರು ಎಲ್ಲಿಗೆ ನಿಂತಿತ್ತೆಂದು ಕೈ ಚಾಚಿ ತೋರಿಸಿದೆ. ಅವರೆಲ್ಲ ಬಗ್ಗಿ ನೋಡಿದರು. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಪಕ್ಕದ ಮನೆಯಾಕೆ ನನ್ನ ಭುಜ ತಟ್ಟಿ, "ಬುಡಿ ಟೀಚರಮ್ಮ, ಆವಯ್ಯನ್ನ ಉಳ್ಸಕ್ಕೆ ತಪ್ಪೆಲ್ಲ ನಿಮ್ ಮೇಲೇ ಆಕ್ಕತೀರಾ? ನಿಮ್ದು ದೊಡ್ಡ ಮನ್ಸು" ಎಂದರು. ಉಳಿದವರೂ ಹೌದೆಂದು ತಲೆಯಾಡಿಸಿ ತಮ್ಮ ತಮ್ಮ ಮನೆಗೆ ಹೋದರು.